ಸಂಬಳ ಕೈಗೇ ಕೊಡಿ

2025ರ ಗಣೇಶನ ಹಬ್ಬ ಮುಗಿದ ವಾರ, ನಮ್ಮ ಮನೆಗೆ ಕೆಲಸಕ್ಕೆ ಬರುವಾಕೆಯ ಸಂಬಳವನ್ನು ಎಂಟುನೂರು ರೂಪಾಯಿ ಹೆಚ್ಚಿಸಬೇಕು ಎಂದುಕೊಂಡೆ. ಕೇಳುವ ಮೊದಲೇ ಕೊಡುತ್ತಿದ್ದೇನೆ ಎಂಬ ಸಣ್ಣ ಜಂಬವೂ ಇತ್ತು, ಮುಚ್ಚಿಡುವುದೇಕೆ. ಆಕೆ ಸಿಂಕಿನ ಮುಂದೆ ನಿಂತು ಇಡ್ಲಿ ತಟ್ಟೆಯ ಗುಳಿಗಳನ್ನು ಒಂದೊಂದಾಗಿ ಉಜ್ಜುತ್ತಿದ್ದಳು. ವಿಷಯ ಹೇಳಿದೆ. ಉಜ್ಜುವ ಕೈ ನಿಂತಿತು. ಮುಖ ಅರಳುತ್ತದೆ ಎಂದು ಕಾದರೆ, ಅಲ್ಲಿ ಏನೋ ಕೂಡಿಸುವ ಕಳೆಯುವ ಲೆಕ್ಕ ನಡೆದಿತ್ತು.

"ಅಕ್ಕ, ಹೆಚ್ಚಿಗೆ ಕೊಡುವುದಾದರೆ ಫೋನಿನಲ್ಲಿ ಹಾಕಬೇಡಿ. ಕೈಗೇ ಕೊಡಿ."

"ಏಕಮ್ಮ?"

"ಕಾರ್ಡು."

ಒಂದೇ ಮಾತು. ಬಡತನ ರೇಖೆಯ ಕೆಳಗಿನವರಿಗೆ ಕೊಡುವ ಬಿಪಿಎಲ್ ಪಡಿತರ ಚೀಟಿ; ವರಮಾನ ಹೆಚ್ಚಿದ್ದು ಕಂಡರೆ ಅದು ಹೋದೀತು ಎಂಬ ಹೆದರಿಕೆ. ನಿನ್ನ ಬ್ಯಾಂಕ್ ಖಾತೆಯನ್ನು ಯಾರು ಇಣುಕಿ ನೋಡುತ್ತಾರೆ ಎಂದು ಕೇಳಿದೆ. "ಆಧಾರನ್ನು ಎಲ್ಲದಕ್ಕೂ ಜೋಡಿಸಿದ್ದಾರೆ ಅಕ್ಕ. ಯಾರು ಎಲ್ಲಿ ಕುಳಿತು ನೋಡುತ್ತಾರೋ ಯಾರಿಗೆ ಗೊತ್ತು" ಎಂದು ಮತ್ತೆ ತಟ್ಟೆಗೆ ಕೈ ಹಾಕಿದಳು. ಮೊನ್ನೆ ಇದನ್ನೆಲ್ಲ ಬರೆಯುತ್ತೇನೆ ಎಂದಾಗಲೂ ಹೇಳಿದ್ದು ಇಷ್ಟೇ: "ಬರೆಯಿರಿ. ಹೆಸರು ಹಾಕಬೇಡಿ." ಹಾಗಾಗಿ ಈ ಬರಹದಲ್ಲಿ ಆಕೆಗೆ ಹೆಸರಿಲ್ಲ.

ಮೊದಲು ನನಗೆ ಬಂದದ್ದು ಸಿಟ್ಟು. ಇಪ್ಪತ್ತೇಳು ವರ್ಷ ಪೀಣ್ಯದ ಕಾರ್ಖಾನೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ದುಡಿದು ನಿವೃತ್ತಳಾದವಳು ನಾನು. ವರಮಾನ ಮುಚ್ಚಿಡುವವರನ್ನು ಕಂಡರೆ ಮೈ ಉರಿಯುವುದು ಹಳೆಯ ಅಭ್ಯಾಸ. ಸರ್ಕಾರ ಕೊಡುವ ಅಕ್ಕಿಗಾಗಿ, ದುಡಿದ ಹಣವನ್ನೇ ಮರೆಮಾಚುವುದೆ? ಪತ್ರಿಕೆಯಲ್ಲಿ ಓದಿದ್ದ, ನಂಟರ ಮನೆಗಳಲ್ಲಿ ಕೇಳಿದ್ದ ಮಾತೆಲ್ಲ ಒಮ್ಮೆಲೇ ನಿಜ ಎನಿಸಿತು. ಜನ ಕೆಟ್ಟರು, ಬಿಟ್ಟಿ ಭಾಗ್ಯಗಳು ಕೆಡಿಸಿದವು.

ಆ ಮಧ್ಯಾಹ್ನ ಊಟವಾದ ಮೇಲೆ ಹಳೆಯ ಡೈರಿಯ ಹಿಂದಿನ ಪುಟದಲ್ಲಿ ಲೆಕ್ಕ ಹಾಕುತ್ತ ಕುಳಿತೆ. ಸಿಟ್ಟು ಬಂದಾಗ ಲೆಕ್ಕ ಹಾಕುವುದು ನನ್ನ ಮದ್ದು.

ಕರ್ನಾಟಕದಲ್ಲಿ ಬಿಪಿಎಲ್ ಕಾರ್ಡಿಗೆ ಕುಟುಂಬದ ವರ್ಷದ ವರಮಾನ 1.20 ಲಕ್ಷ ರೂಪಾಯಿ ಮೀರಬಾರದು. ಅಂದರೆ ಇಡೀ ಸಂಸಾರಕ್ಕೆ ತಿಂಗಳಿಗೆ ಹತ್ತು ಸಾವಿರ. ಬೆಂಗಳೂರಿನಲ್ಲಿ ಒಬ್ಬ ಗಾರ್ಮೆಂಟ್ಸ್ ಕಾರ್ಮಿಕಳಿಗೆ ಇದೇ ಸರ್ಕಾರ ನಿಗದಿ ಮಾಡಿರುವ ಕನಿಷ್ಠ ವೇತನವೇ ತಿಂಗಳಿಗೆ ಹತ್ತು ಸಾವಿರ ದಾಟುತ್ತದೆ. ಒಂದು ಇಲಾಖೆ ಇದಕ್ಕಿಂತ ಕಡಿಮೆ ಕೊಟ್ಟರೆ ಅಪರಾಧ ಎನ್ನುತ್ತದೆ, ಇನ್ನೊಂದು ಇಲಾಖೆ ಅಷ್ಟು ಬಂದರೆ ನೀನು ಬಡವಳಲ್ಲ ಎನ್ನುತ್ತದೆ. ನಮ್ಮ ಮನೆಗೆಲಸದಾಕೆ ಇರುವುದು ಸುಂಕದಕಟ್ಟೆಯ ಎರಡು ಕೋಣೆಯ ಮನೆಯಲ್ಲಿ. ಬಾಡಿಗೆಯೇ ಏಳು ಸಾವಿರ. ಗಂಡ ಸುಣ್ಣ ಬಣ್ಣದ ಕೆಲಸ ಮಾಡುತ್ತಾನೆ, ಮಳೆಗಾಲದಲ್ಲಿ ಕೆಲಸವಿರುವುದಿಲ್ಲ. ಆಕೆ ನಾಲ್ಕು ಮನೆಗಳಿಗೆ ಹೋಗುತ್ತಾಳೆ. ಅತ್ತೆ ಇದ್ದಾರೆ, ಪಿಯುಸಿ ಓದುವ ಮಗಳಿದ್ದಾಳೆ. ನಾಲ್ಕು ಜನರ ಈ ಸಂಸಾರ ಹತ್ತು ಸಾವಿರದ ಗೆರೆಯನ್ನು ಎಂದೋ ದಾಟಿದೆ, ಕಾಗದದಲ್ಲಿ ಮಾತ್ರ ದಾಟಿಲ್ಲ. ದಾಟದೆ ಬೆಂಗಳೂರಿನಲ್ಲಿ ಯಾರಾದರೂ ಬದುಕಿರುವುದಾದರೆ ಅವರ ಲೆಕ್ಕದ ಪುಸ್ತಕವನ್ನು ನನಗೊಮ್ಮೆ ತೋರಿಸಬೇಕು.

ಈಗ ಎಂಟುನೂರರ ವಿಷಯ. ಕಾರ್ಡು ಹೋದರೆ, ಆಗಿನ ಲೆಕ್ಕದಲ್ಲಿ, ತಲೆಗೆ ಹತ್ತು ಕಿಲೋದಂತೆ ತಿಂಗಳಿಗೆ ನಲವತ್ತು ಕಿಲೋ ಅಕ್ಕಿ ಹೋಗುತ್ತಿತ್ತು. 2023ರಲ್ಲಿ ಅಕ್ಕಿ ಸಿಗದೆ ಐದು ಕಿಲೋದ ಬದಲು ಹಣ ಹಾಕುವಾಗ ಸರ್ಕಾರವೇ ಕಿಲೋಗೆ 34 ರೂಪಾಯಿ ಬೆಲೆ ಕಟ್ಟಿತ್ತು. ಅದೇ ದರ ಹಿಡಿದರೆ 1,360 ರೂಪಾಯಿ. ಎಂಟುನೂರು ಬರಮಾಡಿಕೊಂಡು ಸಾವಿರದ ಮುನ್ನೂರ ಅರವತ್ತು ಕಳೆದುಕೊಳ್ಳುವ ವ್ಯವಹಾರ. ನಮ್ಮ ಕಾರ್ಖಾನೆಯ ಮಾಲೀಕರ ಮುಂದೆ ಇಂಥ ಪ್ರಸ್ತಾವವನ್ನು ಇಟ್ಟಿದ್ದರೆ ನನ್ನನ್ನು ಬಾಗಿಲಿನಿಂದಾಚೆ ಕಳಿಸುತ್ತಿದ್ದರು.

ಮರುದಿನ ಈ ಲೆಕ್ಕವನ್ನು ಆಕೆಗೆ ಹೇಳಿದೆ, ಏನೋ ಕಂಡುಹಿಡಿದವಳಂತೆ. ಆಕೆ ನಕ್ಕಳು. "ಅಕ್ಕಿಗಲ್ಲ ಅಕ್ಕ. ಅಕ್ಕಿ ಹೇಗೋ ಆಗುತ್ತದೆ. ಆಸ್ಪತ್ರೆಗೆ."

ಎರಡು ವರ್ಷದ ಹಿಂದೆ ಅವಳ ಅತ್ತೆಗೆ ಹೃದಯದ ರಕ್ತನಾಳದಲ್ಲಿ ಸ್ಟೆಂಟ್ ಹಾಕಿದ್ದರು. ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ಚಿಕಿತ್ಸೆ ಉಚಿತ. ಎಪಿಎಲ್, ಅಂದರೆ ಬಡತನ ರೇಖೆಯ ಮೇಲಿನವರು, ಆದರೆ ಪ್ಯಾಕೇಜ್ ದರದ ನೂರಕ್ಕೆ ಮೂವತ್ತರಷ್ಟು ಮಾತ್ರ ಸರ್ಕಾರದ್ದು, ಅದೂ ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಉಳಿದ ಎಪ್ಪತ್ತು ನಿಮ್ಮದು. ಅತ್ತೆಗೆ ಇನ್ನೊಂದು ಸ್ಟೆಂಟ್ ಬೇಕಾದೀತು ಎಂದು ವೈದ್ಯರು ಹೇಳಿದ್ದಾರಂತೆ. ನನ್ನ ಎಂಟುನೂರನ್ನು ಎಷ್ಟು ತಿಂಗಳು ಕೂಡಿಟ್ಟರೆ ಒಂದು ಸ್ಟೆಂಟ್ ಆಗುತ್ತದೆ ಎಂಬುದನ್ನು ಆಕೆ ಸಿಂಕಿನ ಮುಂದೆ ನಿಂತ ಆ ಅರ್ಧ ನಿಮಿಷದಲ್ಲೇ ಲೆಕ್ಕ ಹಾಕಿ ಮುಗಿಸಿದ್ದಳು. ನನಗೆ ಒಂದು ಮಧ್ಯಾಹ್ನ ಬೇಕಾಯಿತು.

2024ರ ನವೆಂಬರಿನಲ್ಲಿ ಬಿಪಿಎಲ್ ಕಾರ್ಡುಗಳು ರದ್ದಾಗುತ್ತಿವೆ, ಎಪಿಎಲ್ ಆಗಿ ಬದಲಾಗುತ್ತಿವೆ ಎಂದು ರಾಜ್ಯದಲ್ಲೆಲ್ಲ ಗಲಾಟೆ ಎದ್ದಿತ್ತಲ್ಲ, ಆಮೇಲೆ ಸರ್ಕಾರ ಅರ್ಹರ ಕಾರ್ಡುಗಳನ್ನು ಹಿಂತಿರುಗಿಸುತ್ತೇವೆ ಎಂದಿತು. ಆಗ ಆಕೆ ಎರಡು ದಿನ ಕೆಲಸಕ್ಕೆ ಬರಲಿಲ್ಲ. ಸೈಬರ್ ಅಂಗಡಿಯ ಮುಂದೆ ಸಾಲಿನಲ್ಲಿ ನಿಂತಿದ್ದಳಂತೆ. "ಹೇಳದೆ ಕೇಳದೆ ರಜೆ" ಎಂದು ನಾನು ಗೊಣಗಿದ್ದು ಚೆನ್ನಾಗಿ ನೆನಪಿದೆ.

ಅವಳ ಗಂಡನ ಸಂಗತಿ ಇನ್ನೂ ವಿಚಿತ್ರ. ಆತನಿಗೆ ಒಂದು ಹಳೆಯ ಓಮ್ನಿ ಕೊಳ್ಳುವ ಅವಕಾಶ ಬಂದಿತ್ತು. ಬಣ್ಣದ ಡಬ್ಬಿ, ಏಣಿ, ಇಬ್ಬರು ಹುಡುಗರನ್ನು ಕೂರಿಸಿಕೊಂಡು ಹೋದರೆ ಸ್ವಂತವಾಗಿ ಗುತ್ತಿಗೆ ಹಿಡಿಯಬಹುದು. ಆದರೆ ಬಿಳಿ ನಂಬರ್ ಫಲಕದ ಕಾರು ಇದ್ದವರಿಗೆ ಬಿಪಿಎಲ್ ಇಲ್ಲ. ಹಳದಿ ಫಲಕ ಮಾಡಿಸಬಹುದು, ಅದಕ್ಕೆ ಓಡಾಟ, ಖರ್ಚು, ವರ್ಷವರ್ಷದ ತಾಪತ್ರಯ. ಕಡೆಗೆ ಗಾಡಿ ಬೇರೆಯವರ ಪಾಲಾಯಿತು. ಈಗಲೂ ಆತ ಟಿವಿಎಸ್ ಮೊಪೆಡ್ಡಿಗೆ ಏಣಿಯನ್ನು ಉದ್ದಕ್ಕೆ ಕಟ್ಟಿಕೊಂಡು, ತುದಿಗೊಂದು ಕೆಂಪು ಬಟ್ಟೆ ಸಿಕ್ಕಿಸಿ, ಮಾಗಡಿ ರಸ್ತೆಯಲ್ಲಿ ಬಸ್ಸುಗಳ ನಡುವೆ ಹೋಗುತ್ತಾನೆ. ಸರ್ಕಾರದ ನೆರವು ಮನುಷ್ಯನನ್ನು ಇದ್ದಲ್ಲೇ ಕಟ್ಟಿಹಾಕುತ್ತದೆ ಎನ್ನುವವರಿಗೆ ನಾನು ತೋರಿಸಬಹುದಾದ ಒಳ್ಳೆಯ ಸಾಕ್ಷಿ ಈತನೇ. ಆದರೆ ಕಟ್ಟಿಹಾಕಿದ್ದು ಅಕ್ಕಿಯೆ, ಅಕ್ಕಿಯ ಸುತ್ತ ಎಳೆದ ಗೆರೆಯೆ? ನನ್ನ ತಲೆಯಲ್ಲಿ ಈ ಪ್ರಶ್ನೆ ತಿಂಗಳುಗಟ್ಟಲೆ ಕುಳಿತಿತ್ತು.

ಉತ್ತರ ಹೊಳೆದದ್ದು ಆದಾಯ ತೆರಿಗೆಯ ನಿಯಮ ಓದುವಾಗ. 2025ರ ಬಜೆಟ್ ಆದ ಮೇಲೆ ಹೊಸ ಪದ್ಧತಿಯಲ್ಲಿ ಹನ್ನೆರಡು ಲಕ್ಷದವರೆಗೆ ತೆರಿಗೆ ಇಲ್ಲ. ಹನ್ನೆರಡು ಲಕ್ಷದ ಹತ್ತು ಸಾವಿರ ಬಂದರೆ? ಪಟ್ಟಿಯ ಪ್ರಕಾರ ಲೆಕ್ಕ ಹಾಕಿದರೆ 61,500 ರೂಪಾಯಿ ತೆರಿಗೆ ಬೀಳಬೇಕು. ಹತ್ತು ಸಾವಿರ ಹೆಚ್ಚಿಗೆ ದುಡಿದು ಅರವತ್ತೊಂದು ಸಾವಿರ ಕಟ್ಟುವುದು ಅನ್ಯಾಯ ಎಂದು ಕಾನೂನಿಗೇ ಅರ್ಥವಾಗಿದೆ. ಅದಕ್ಕಾಗಿ ಅಂಥವರು ಗೆರೆ ದಾಟಿದ ಹತ್ತು ಸಾವಿರವನ್ನಷ್ಟೇ ಕಟ್ಟಿದರೆ ಸಾಕು, ಮೇಲೊಂದಿಷ್ಟು ಸೆಸ್ಸು. ಗೆರೆಯ ಆಚೆಗೆ ಪ್ರಪಾತ ಇರಬಾರದು, ಇಳಿಜಾರು ಇರಬೇಕು ಎಂದು ಸಂಬಳದಾರರ ವಿಷಯದಲ್ಲಿ ಯೋಚಿಸಿದ ಸರ್ಕಾರಿ ಬುದ್ಧಿ, ಪಡಿತರ ಚೀಟಿಯ ಹತ್ತಿರ ಬಂದಾಗ ಮಲಗಿಬಿಟ್ಟಿದೆ. ಅಲ್ಲಿ ಹನ್ನೆರಡು ಲಕ್ಷ, ಇಲ್ಲಿ ಒಂದು ಲಕ್ಷದ ಇಪ್ಪತ್ತು ಸಾವಿರ. ಅದೇ ಅಂಕಿ, ಒಂದು ಸೊನ್ನೆ ಕಡಿಮೆ.

ಗೆರೆಯ ಈಚೆಗೆ ಉಳಿಯಲು ವರಮಾನವನ್ನು ಹೊಂದಿಸಿಕೊಳ್ಳುವುದನ್ನು ನಾನೂ ವೃತ್ತಿಜೀವನವಿಡೀ ಮಾಡಿದ್ದೇನೆ, ಬೇರೆಯವರಿಗಾಗಿ. ಮಾರ್ಚ್ ಬಂತೆಂದರೆ ಬಾಡಿಗೆ ರಸೀದಿ, ವಿಮೆ ಕಂತು, ಹೆಂಡತಿಯ ಹೆಸರಿಗೆ ಒಂದಿಷ್ಟು. ಕಾನೂನಿನ ಒಳಗೇ, ಆದರೆ ಅಂಚಿನಲ್ಲಿ. ಅದಕ್ಕೆ ನಾವು ಇಟ್ಟ ಹೆಸರು ತೆರಿಗೆ ಯೋಜನೆ. ಚೆನ್ನಾಗಿ ಮಾಡಿದವರಿಗೆ ಸಿಹಿ ಡಬ್ಬಿ ಸಿಗುತ್ತಿತ್ತು.

ಹೆಸರಿನ ಮಾತು ಬಂದದ್ದರಿಂದ ಇನ್ನೊಂದು. ಬಿಟ್ಟಿ ಎಂಬ ಮಾತನ್ನು ನಾವು ಈಗ ಪುಕ್ಕಟೆ ಎಂಬ ಅರ್ಥದಲ್ಲಿ ಬಳಸುತ್ತೇವೆ. ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎಂಬ ಗಾದೆಯೂ ಇದೆ. ಆ ಪದದ ಮೂಲ ಸಂಸ್ಕೃತದ ವಿಷ್ಟಿ. ಶಾಸನಗಳ ಕಾಲದಲ್ಲಿ ಅದರ ಅರ್ಥ ಕೂಲಿ ಕೊಡದೆ ಬಲವಂತವಾಗಿ ಮಾಡಿಸಿಕೊಳ್ಳುವ ದುಡಿಮೆ. ಬಿಟ್ಟಿ ಚಾಕರಿ ಎನ್ನುವಾಗ ಆ ಹಳೆಯ ಅರ್ಥ ಇನ್ನೂ ಉಸಿರಾಡುತ್ತಿದೆ. ಬಡವನಿಂದ ಬಿಟ್ಟಿ ಪಡೆಯುತ್ತಿದ್ದ ಕಾಲದ ಮಾತನ್ನು, ಬಡವನಿಗೆ ಬಿಟ್ಟಿ ಕೊಡುವ ಕಾಲದಲ್ಲಿ ಅವನ ಮೇಲೆಯೇ ತಿರುಗಿಸಿದ್ದೇವೆ. ಭಾಷೆಗೂ ಒಂದು ತಮಾಷೆ ಇರುತ್ತದೆ.

ನಮ್ಮ ಅಪ್ಪ ಸಾರ್ವಜನಿಕ ವಲಯದ ಕಾರ್ಖಾನೆಯೊಂದರಲ್ಲಿದ್ದರು. ಬೆಂಗಳೂರು ಅಂಥ ಕಾರ್ಖಾನೆಗಳಿಂದಲೇ ಬೆಳೆದ ಊರು, ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್. ಬೆಳಗಿನ ಆರೂವರೆಗೆ ಕಾರ್ಖಾನೆಯ ಬಸ್ಸು ನಮ್ಮ ತಿರುವಿಗೆ ಬರುತ್ತಿತ್ತು. ಮಧ್ಯಾಹ್ನದ ಊಟ ಕ್ಯಾಂಟೀನಿನಲ್ಲಿ, ಚಿಲ್ಲರೆ ಕಾಸಿಗೆ. ಅಮ್ಮನ ಹೆರಿಗೆ, ನನ್ನ ಟಾನ್ಸಿಲ್, ತಮ್ಮನ ಮುರಿದ ಕೈ, ಎಲ್ಲ ಕಾರ್ಖಾನೆಯ ಆಸ್ಪತ್ರೆಯಲ್ಲಿ. ಇದಕ್ಕೆ ಮನೆಯಲ್ಲಿ ಬಳಸುತ್ತಿದ್ದ ಪದ ಸೌಲಭ್ಯ. "ಒಳ್ಳೆಯ ಸೌಲಭ್ಯ ಇರುವ ಕೆಲಸ" ಎಂದು ವಧೂವರರ ಕಡೆಯವರು ಮಾತಾಡಿಕೊಳ್ಳುತ್ತಿದ್ದರು. ಬಸ್ಸು, ಅನ್ನ, ಔಷಧ. ಶಕ್ತಿ, ಅನ್ನಭಾಗ್ಯ, ಆರೋಗ್ಯ ಕರ್ನಾಟಕ. ಅಪ್ಪ ಅದಕ್ಕಾಗಿ ದುಡಿದಿದ್ದರು ಎನ್ನಬಹುದು, ನಿಜ. ಈಕೆಯೂ ಬೆಳಗಿನ ಆರೂವರೆಗೇ ಮನೆ ಬಿಡುತ್ತಾಳೆ.

ಎಂಬತ್ತರ ದಶಕದಲ್ಲಿ ಬಿಡಿಎಯಿಂದ ನಾಗರಬಾವಿಯಲ್ಲಿ ಅಪ್ಪನಿಗೆ ಮೂವತ್ತು ನಲವತ್ತರ ನಿವೇಶನ ಹಂಚಿಕೆಯಾಯಿತು. ಬೆಲೆ ಅವರ ಎರಡು ವರ್ಷದ ಸಂಬಳಕ್ಕೂ ಕಡಿಮೆ. ಈಗ ಅದರ ಬೆಲೆಯನ್ನು ದಲ್ಲಾಳಿಗಳು ಹೇಳುವಾಗ ಕೋಟಿಯಿಂದಲೇ ಶುರುಮಾಡುತ್ತಾರೆ. ನಾನು ಕುಳಿತು ಬರೆಯುತ್ತಿರುವುದು ಆ ನಿವೇಶನದ ಮೇಲೆಯೇ. ಅರ್ಜಿ ಹಾಕಿ ಕಾಯ್ದದ್ದು ಬಿಟ್ಟರೆ ಈ ಏರಿಕೆಯಲ್ಲಿ ಅಪ್ಪನ ಬೆವರು ಒಂದು ಹನಿಯೂ ಇಲ್ಲ, ನನ್ನದಂತೂ ಇಲ್ಲವೇ ಇಲ್ಲ. ಈ ಬಡಾವಣೆಗಳೆಲ್ಲ ಯಾರದೋ ರಾಗಿ ಹೊಲ, ಯಾರದೋ ತೆಂಗಿನ ತೋಟ. ಅಪ್ಪ ಸಾಯುವ ತನಕ ಹೆಮ್ಮೆಯಿಂದ ಹೇಳುತ್ತಿದ್ದರು: "ನಾನು ಯಾರ ಹಂಗಿನಲ್ಲೂ ಬದುಕಲಿಲ್ಲ."

ನೀರಿನದೂ ಇದೇ ಕಥೆ. ಕಾವೇರಿ ನೀರನ್ನು ಸುಮಾರು ನೂರು ಕಿಲೋಮೀಟರ್ ದೂರದಿಂದ ಎತ್ತರಕ್ಕೆ ಪಂಪ್ ಮಾಡಿ ತರುತ್ತಾರೆ. 2014ರಿಂದ 2025ರವರೆಗೆ ಅದರ ದರ ಏರಲಿಲ್ಲ. ಮನೆಬಳಕೆಯ ಮೊದಲ ಹಂತಕ್ಕೆ ಸಾವಿರ ಲೀಟರಿಗೆ ಏಳು ರೂಪಾಯಿ. 2024ರ ಬೇಸಿಗೆಯಲ್ಲಿ ನೀರಿನ ಹಾಹಾಕಾರ ಎದ್ದು ಜಿಲ್ಲಾಡಳಿತ ಟ್ಯಾಂಕರಿಗೆ ಬೆಲೆ ಕಟ್ಟಿದಾಗ ಆರು ಸಾವಿರ ಲೀಟರಿಗೆ ಆರುನೂರು ರೂಪಾಯಿ ಆಯಿತು, ಅಂದರೆ ಸಾವಿರ ಲೀಟರಿಗೆ ನೂರು. ನಲ್ಲಿ ಇದ್ದವರಿಗೆ ಏಳು, ಇಲ್ಲದವರಿಗೆ ನೂರು. ಹನ್ನೊಂದು ವರ್ಷ ನಮ್ಮ ಬೀದಿಯ ಯಾರೂ ಇದನ್ನು ನೀರು ಭಾಗ್ಯ ಎಂದು ಕರೆಯಲಿಲ್ಲ.

ಮಾಗಡಿ ಕಡೆ ನಮ್ಮ ಭಾವನ ತೋಟವಿದೆ. ಹೋದ ಚಳಿಗಾಲದಲ್ಲಿ ಅವರ ಅರವತ್ತರ ಶಾಂತಿ. ಊಟದ ಪಂಕ್ತಿಯಲ್ಲಿ ಒಬ್ಬಟ್ಟಿಗೆ ಎರಡನೇ ಸಲ ತುಪ್ಪ ಹಾಕಿಸಿಕೊಳ್ಳುತ್ತ ಅವರು ಮಾತು ತೆಗೆದರು. "ಕೂಲಿಗೆ ಜನವೇ ಇಲ್ಲ. ಅಕ್ಕಿ ಮನೆಗೆ ಬರುತ್ತದೆ, ಎರಡು ಸಾವಿರ ಖಾತೆಗೆ ಬರುತ್ತದೆ, ಬಸ್ಸು ಪುಕ್ಕಟೆ. ಕೆಲಸಕ್ಕೆ ಏಕೆ ಬರುತ್ತಾರೆ?" ಪಂಕ್ತಿಯೆಲ್ಲ ತಲೆಯಾಡಿಸಿತು. ಹೆಂಗಸರಿಗೆ ದಿನಕ್ಕೆ ಎಷ್ಟು ಕೊಡುತ್ತೀರಿ ಭಾವ ಎಂದೆ. ಮುನ್ನೂರು. ಗಂಡಸರಿಗೆ? ಆರುನೂರು. ಅಷ್ಟರಲ್ಲಿ ಅನ್ನ ಬಡಿಸಲು ಬಂದರು.

ಭಾವನ ಮಾತನ್ನು ಸುಳ್ಳು ಎಂದು ತಳ್ಳಿಹಾಕಲಾರೆ. ಮನೆಯಲ್ಲಿ ಅಕ್ಕಿ ಇದ್ದವರು ಮುನ್ನೂರು ರೂಪಾಯಿಗೆ ಬಿಸಿಲಲ್ಲಿ ಬಗ್ಗಿ ಕಳೆ ಕೀಳುವ ಮೊದಲು ಒಂದು ಸಲ ಯೋಚಿಸುತ್ತಾರೆ. ಅಕ್ಕಿ ಇಲ್ಲದಿದ್ದಾಗ ಯೋಚನೆಗೆ ಸಮಯವಿರಲಿಲ್ಲ. ಒಲ್ಲೆ ಎನ್ನುವ ಶಕ್ತಿಯನ್ನು ಅಕ್ಕಿ ಕೊಟ್ಟಿದೆ. ಅದು ಭಾವನಿಗೆ ಸೋಮಾರಿತನವಾಗಿ ಕಾಣುತ್ತದೆ, ಏಕೆಂದರೆ ಅದು ಬಂದು ತಾಗುವುದು ಅವರಿಗೇ. ಒಲ್ಲೆ ಎಂದ ಆ ಹೆಂಗಸರು ಮನೆಯಲ್ಲಿ ಮಲಗಿದ್ದಾರೆಯೇ ಎಂದು ನೋಡಲು ನಾನು ಹೋಗಲಿಲ್ಲ, ಭಾವನೂ ಹೋಗಿರಲಾರರು. ನಮ್ಮ ಮನೆಗೆಲಸದಾಕೆಯ ವಿಷಯವಾದರೆ ನನಗೆ ಗೊತ್ತು. 2023ರ ಜೂನ್ 11ರಂದು ಶಕ್ತಿ ಯೋಜನೆ ಬರುವ ಮೊದಲು, ಆಕೆ ನಡೆದು ಮುಟ್ಟುವಷ್ಟು ದೂರದ ಮನೆಗಳಿಗೆ ಮಾತ್ರ ಹೋಗುತ್ತಿದ್ದಳು. ಆಗ ಸಾಮಾನ್ಯ ಬಸ್ಸಿನ ತಿಂಗಳ ಪಾಸಿಗೆ 1,050 ರೂಪಾಯಿ. ಒಂದು ಮನೆಯ ಸಂಬಳದ ಅರ್ಧದಷ್ಟು ಕಂಡಕ್ಟರಿಗೇ ಹೋಗುತ್ತಿತ್ತು. ಶೂನ್ಯ ಟಿಕೆಟ್ ಬಂದ ಮೇಲೆ ವಿಜಯನಗರದಲ್ಲಿ ಎರಡು ಮನೆ ಹಿಡಿದಳು, ಹತ್ತಿರದಲ್ಲಿ ಕಡಿಮೆ ಕೊಡುತ್ತಿದ್ದ ಒಂದು ಮನೆಯನ್ನು ಬಿಟ್ಟಳು. ಆ ಮನೆಯವರು ನನ್ನ ಬಳಿ ಬಂದು ಭಾವನ ಮಾತನ್ನೇ ಹೇಳಿದರು, ಅಕ್ಷರವೂ ಬದಲಾಗದೆ.

ಶಕ್ತಿಯ ಬಗ್ಗೆ ಮೆಚ್ಚಿದ ಇನ್ನೊಂದು ಸಂಗತಿ, ಅದರಲ್ಲಿ ಗೆರೆ ಇಲ್ಲ. ಹೆಂಗಸಾಗಿರಬೇಕು, ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಇರಬೇಕು. ನಾನೂ ಹತ್ತುತ್ತೇನೆ, ಆಕೆಯೂ ಹತ್ತುತ್ತಾಳೆ. ಸಂಬಳ ಹೆಚ್ಚಾದರೆ ಬಸ್ಸಿನಿಂದ ಇಳಿಸುವುದಿಲ್ಲ, ಹಾಗಾಗಿ ಬಸ್ಸಿಗಾಗಿ ಯಾರೂ ಸಂಬಳವನ್ನು ಮುಚ್ಚಿಡಬೇಕಾಗಿಲ್ಲ. ಖರ್ಚಿಲ್ಲದೆ ಬಂದದ್ದೇನೂ ಅಲ್ಲ. 2023ರ ಸೆಪ್ಟೆಂಬರ್ 11ರಂದು ಖಾಸಗಿ ಸಾರಿಗೆಯವರು ಬೆಂಗಳೂರು ಬಂದ್ ಮಾಡಿದರು. ತಮ್ಮ ದುಡಿಮೆ ಕುಸಿದಿದೆ ಎಂಬ ಆಟೋದವರ ಗೋಳು ಸುಳ್ಳಾಗಿರಲಿಲ್ಲ. 2025ರ ಜನವರಿಯಲ್ಲಿ ಬಸ್ ದರ ನೂರಕ್ಕೆ ಹದಿನೈದರಷ್ಟು ಏರಿತು, ಅದನ್ನು ತೆತ್ತವರು ಗಂಡಸರು. ಶಕ್ತಿಯಂಥ ಗ್ಯಾರಂಟಿ ಯೋಜನೆಗಳಿಗೆ 2025-26ರ ಬಜೆಟ್ಟಿನಲ್ಲಿ ಇಟ್ಟಿದ್ದು 51 ಸಾವಿರ ಕೋಟಿಗೂ ಹೆಚ್ಚು, ಒಟ್ಟು ಬಜೆಟ್ 4.09 ಲಕ್ಷ ಕೋಟಿ. ಎಂಟರಲ್ಲಿ ಒಂದು ಪಾಲು. ರಸ್ತೆ ಗುಂಡಿಗೆ ಕಾಲು ಇಟ್ಟಾಗಲೆಲ್ಲ ನನಗೂ ಈ ಪಾಲು ನೆನಪಾಗುತ್ತದೆ.

ದಾನ ಪಡೆಯುವವನು ಕೆಡುತ್ತಾನೆ ಎಂಬ ಭಯ ನಮ್ಮೂರಿನದು ಮಾತ್ರವಲ್ಲ. 1834ರಲ್ಲಿ ಇಂಗ್ಲೆಂಡಿನವರು ಬಡವರ ಕಾನೂನನ್ನು ತಿದ್ದುವಾಗ, ನೆರವು ಪಡೆಯುವವನ ಸ್ಥಿತಿ ಅತ್ಯಂತ ಕಡಿಮೆ ಕೂಲಿಯವನ ಸ್ಥಿತಿಗಿಂತಲೂ ಕೆಟ್ಟದಾಗಿರಬೇಕು ಎಂಬುದನ್ನೇ ತತ್ತ್ವ ಮಾಡಿಕೊಂಡರು. 1996ರಲ್ಲಿ ಅಮೆರಿಕದವರು ಮಾಡಿದ ಕಾನೂನಿನ ಹೆಸರಿನಲ್ಲೇ ವೈಯಕ್ತಿಕ ಹೊಣೆಗಾರಿಕೆ ಎಂಬ ಮಾತಿದೆ. ಕೇಂದ್ರದ ಹಣದ ನೆರವಿಗೆ ಜೀವಮಾನದಲ್ಲಿ ಐದು ವರ್ಷದ ಮಿತಿ ಹಾಕಿದರು. ನಮ್ಮಲ್ಲಿ 2025ರ ಫೆಬ್ರುವರಿಯಲ್ಲಿ, ನಗರದ ಮನೆಯಿಲ್ಲದವರ ಆಶ್ರಯದ ಕುರಿತ ವಿಚಾರಣೆಯ ನಡುವೆ ಸುಪ್ರೀಂ ಕೋರ್ಟಿನ ಪೀಠ, ನಾವು ಪರಾವಲಂಬಿಗಳ ವರ್ಗವೊಂದನ್ನು ಸೃಷ್ಟಿಸುತ್ತಿಲ್ಲವೇ ಎಂದು ಕೇಳಿತು. ಇದಕ್ಕೆ ಎದುರಾಗಿ, ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ ಮತ್ತು ಸಂಗಡಿಗರು ಆರು ದೇಶಗಳ ಏಳು ನಗದು ನೆರವಿನ ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಹಣ ಪಡೆದವರು ದುಡಿಮೆ ಕಡಿಮೆ ಮಾಡಿದರು ಎನ್ನಲು ಆಧಾರ ಸಿಗಲಿಲ್ಲ. ಇದನ್ನು ಭಾವನಿಗೆ ವಾಟ್ಸಾಪಿನಲ್ಲಿ ಕಳಿಸಿದೆ. ಕೈಮುಗಿಯುವ ಚಿತ್ರವೊಂದು ಬಂತು.

ಹಾಗೆಂದು ನಮ್ಮ ಮನೆಗೆಲಸದಾಕೆಯನ್ನು ದೇವತೆ ಮಾಡುವುದಿಲ್ಲ. ನಲವತ್ತು ಕಿಲೋ ಅಕ್ಕಿಯಲ್ಲಿ ಹತ್ತು ಕಿಲೋ ಪ್ರತಿ ತಿಂಗಳೂ ಬೀದಿಗೆ ಬರುವ ವ್ಯಾಪಾರಿಗೆ ಮಾರಿಹೋಗುತ್ತಿತ್ತು. ಕೇಳಿದರೆ "ನಾವು ರಾಗಿ ಉಣ್ಣುವವರು ಅಕ್ಕ, ಅಷ್ಟು ಅಕ್ಕಿ ಏನು ಮಾಡಲಿ" ಎನ್ನುತ್ತಿದ್ದಳು. ಅವಳ ಬೀದಿಯಲ್ಲೇ ಹೆಂಡತಿಯ ಗೃಹಲಕ್ಷ್ಮಿ ಹಣವನ್ನು ಕಸಿದು ಕುಡಿಯುವ ಗಂಡಸರಿದ್ದಾರೆ. ಆದರೆ ಅವಳದೇ ಮನೆಯಲ್ಲಿ ಆ ಎರಡು ಸಾವಿರದ ನಡೆ ಬೇರೆ. ಕಾರ್ಡಿನಲ್ಲಿ ಮನೆಯ ಯಜಮಾನಿ ಅತ್ತೆ, ಹಣ ಬೀಳುವುದು ಅತ್ತೆಯ ಖಾತೆಗೆ. ಎಪ್ಪತ್ತರ ಆ ಮುದುಕಿ ಗುಳಿಗೆ, ವೀಳ್ಯದೆಲೆ ಕಳೆದು ಉಳಿದದ್ದನ್ನು ಸೊಸೆಗೆ ಸಾಲವಾಗಿ ಕೊಡುತ್ತದೆ. ಬಡ್ಡಿಯಿಲ್ಲ, ಆದರೆ ಮಾತು ಕೇಳಬೇಕು.

ಇಲ್ಲೊಂದು ಸಂಗತಿಯನ್ನು ಹೇಳಲೋ ಬೇಡವೋ ಎಂದು ಯೋಚಿಸಿದೆ. ಮೊದಲೆಲ್ಲ ತಿಂಗಳ ಇಪ್ಪತ್ತರ ಹೊತ್ತಿಗೆ ಆಕೆ ಅಡುಗೆಮನೆಯ ಬಾಗಿಲಿಗೆ ಒರಗಿ ನಿಲ್ಲುತ್ತಿದ್ದಳು. "ಅಕ್ಕ, ಒಂದು ಸಾವಿರ ಮುಂಗಡ." ನಾನು ಒಳಗೆ ಹೋಗಿ, ಬೀರು ತೆಗೆದು, ಎಣಿಸಿ, ಒಂದು ಉಪದೇಶದ ಮಾತು ಸೇರಿಸಿ ಕೊಡುತ್ತಿದ್ದೆ. ಖರ್ಚು ನೋಡಿಕೊಂಡು ಮಾಡು, ಮಗಳಿಗೆ ಅಷ್ಟು ಬೆಲೆಯ ಮೊಬೈಲು ಏಕೆ ಬೇಕಿತ್ತು. ಆಕೆ ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಿದ್ದಳು. 2023ರ ಕೊನೆಯಿಂದ ಆ ಒರಗಿ ನಿಲ್ಲುವುದು ನಿಂತುಹೋಯಿತು. ನಾಲ್ಕು ತಿಂಗಳಾದ ಮೇಲೆ ನಾನೇ ಕೇಳಿದೆ, ಮುಂಗಡ ಬೇಡವೆ? "ಅತ್ತೆಯ ಹತ್ತಿರ ತೆಗೆದುಕೊಂಡೆ." ಸಂತೋಷವಾಗಬೇಕಿತ್ತು. ಆದರೆ ನನ್ನ ಮನೆಯಲ್ಲಿ ನನ್ನ ತೂಕ ಎರಡು ಕಿಲೋ ಇಳಿದಂತಾಯಿತು. ಆಕೆಗೆ ಹಂಗು ತಪ್ಪಿರಲಿಲ್ಲ, ನನ್ನ ಮನೆ ಬಿಟ್ಟು ಬೇರೆ ಕಡೆಗೆ ಹೋಗಿತ್ತು. ಭಾವನ ಸಂಕಟ ನನಗೆ ಸರಿಯಾಗಿ ಅರ್ಥವಾದದ್ದು ಆಗಲೇ.

ಆಕೆಗೆ ಹೊಣೆಗಾರಿಕೆಯ ಪಾಠ ಹೇಳಿದವರಲ್ಲಿ ನಾನು ಮೊದಲಿಗಳೇನಲ್ಲ. 2016ರ ಏಪ್ರಿಲ್‌ನಲ್ಲಿ ಆಕೆ ಇನ್ನೂ ಗಾರ್ಮೆಂಟ್ಸ್‌ನಲ್ಲಿದ್ದಳು. ಭವಿಷ್ಯನಿಧಿಯಲ್ಲಿ ಮಾಲೀಕರ ಪಾಲನ್ನು 58 ವರ್ಷ ತುಂಬುವ ತನಕ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ನಿಯಮ ತಂದಾಗ, ಈ ಊರಿನ ಸಾವಿರಾರು ಗಾರ್ಮೆಂಟ್ಸ್ ಹೆಂಗಸರು ಹೊಸೂರು ರಸ್ತೆ, ತುಮಕೂರು ರಸ್ತೆಗಳಲ್ಲಿ ಬಂದು ಕುಳಿತರು. ದೊಡ್ಡ ಸಂಘಟನೆ ಯಾವುದೂ ಮುಂದೆ ನಿಂತು ಕರೆದಿರಲಿಲ್ಲ. ಎರಡನೇ ದಿನಕ್ಕೆ ನಿಯಮ ಹಿಂದಕ್ಕೆ ಹೋಯಿತು. ಆಕೆಯೂ ಹೋಗಿದ್ದಳಂತೆ, ಚಪ್ಪಲಿ ಕಳೆದುಕೊಂಡಳಂತೆ. "ನಮ್ಮ ದುಡ್ಡು ನಮಗೆ ಕೊಡುವುದಕ್ಕೆ ನಾವು ಮುದುಕಿಯರಾಗಬೇಕಂತೆ. ಈಗಲೇ ಕೊಟ್ಟರೆ ಹಾಳು ಮಾಡಿಕೊಳ್ಳುತ್ತೇವಂತೆ." ಆ ದುಡ್ಡಿನಲ್ಲಿ ಆಕೆ ಸುಂಕದಕಟ್ಟೆಯ ಮನೆಗೆ ಮುಂಗಡ ಕಟ್ಟಿದಳು. ಈಗಲೂ ಅದೇ ಮನೆ.

ಇನ್ನು ನನ್ನ ವಿಷಯ. ಗೃಹಜ್ಯೋತಿಗೆ ವರಮಾನದ ಮಿತಿ ಇಲ್ಲ ಎಂದು ಗೊತ್ತಾದ ವಾರವೇ ನಾನು ನೋಂದಾಯಿಸಿಕೊಂಡೆ. ಹಿಂದಿನ ವರ್ಷದ ಸರಾಸರಿಗೆ ನೂರಕ್ಕೆ ಹತ್ತು ಸೇರಿಸಿ ನನಗೆ 187 ಯೂನಿಟ್ ಪುಕ್ಕಟೆ ಎಂದಾಯಿತು. ಅದನ್ನು ಮೀರಿದರೆ ಮೀರಿದ ಯೂನಿಟ್ಟಿಗೆ ಮಾತ್ರ ಹಣ. ಇನ್ನೂರು ದಾಟಿದರೆ ಪೂರ್ತಿ ಬಿಲ್ಲು, ಸಾವಿರಕ್ಕೂ ಮಿಕ್ಕಿ. ಕಟ್ಟಲಾರದವಳೇನಲ್ಲ. ಪಿಂಚಣಿ ಬರುತ್ತದೆ, ಮೇಲಿನ ಮನೆಯ ಬಾಡಿಗೆ ಬರುತ್ತದೆ. ಆದರೂ ಶೂನ್ಯ ಎಂದು ಮುದ್ರಿಸಿದ ಮೊದಲ ಬಿಲ್ಲನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೆ. ಕಳೆದ ಏಪ್ರಿಲ್ಲಿನ ಸೆಕೆಯಲ್ಲಿ ಮಗಳು ಮೊಮ್ಮಕ್ಕಳೊಂದಿಗೆ ಬಂದು ಇಪ್ಪತ್ತು ದಿನ ಇದ್ದಳು. ಬಿಲ್ಲಿನ ತಿಂಗಳ ಕೊನೆಯ ರಾತ್ರಿ ನಾನು ಟಾರ್ಚ್ ಹಿಡಿದು, ಮೆಟ್ಟಿಲ ಕೆಳಗಿನ ಮೀಟರಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತಿದ್ದೆ. ಹಿಂದಿನ ರೀಡಿಂಗ್ ಕಳೆದೆ. 196. ಮೇಲೆ ಬಂದು ಗೀಸರಿನ ಸ್ವಿಚ್ ಆರಿಸಿದೆ, ಮಕ್ಕಳ ಕೋಣೆಯ ಕೂಲರ್ ಆರಿಸಿದೆ. "ಏನಮ್ಮ ಇದು, ಸೆಕೆಯಲ್ಲಿ" ಎಂದು ಮಗಳು ರೇಗಿದಳು. ಕರೆಂಟು ಪೋಲು ಮಾಡಬಾರದು, ದೇಶದ ಆಸ್ತಿ ಎಂದೆ.

ಬೆಳಿಗ್ಗೆ ಪಾತ್ರೆ ತಿಕ್ಕುತ್ತ ಆಕೆ ಇದನ್ನೆಲ್ಲ ಮಗಳ ಬಾಯಿಂದ ಕೇಳಿ, ನನ್ನ ಕಡೆ ತಿರುಗಿ ನೋಡಲಿಲ್ಲ. ಬೆನ್ನು ಮಾತ್ರ ನಗುವಿಗೆ ಅಲುಗುತ್ತಿತ್ತು.

ಸೆಪ್ಟೆಂಬರಿನಿಂದ ಪ್ರತಿ ತಿಂಗಳ ಒಂದನೇ ತಾರೀಖು ಹಳೆಯ ಸಂಬಳ ಫೋನಿನಲ್ಲಿ ಹೋಗುತ್ತದೆ, ಎಂಟುನೂರು ಕವರಿನಲ್ಲಿ. ಇಪ್ಪತ್ತೇಳು ವರ್ಷ ಒಂದು ಸುಳ್ಳು ಜಮೆ ಬರೆಯದ ನಾನು, ಮನೆಯ ಖರ್ಚಿನ ಪುಸ್ತಕದಲ್ಲಿ ಅದನ್ನು "ತರಕಾರಿ, ಇತರೆ" ಎಂದು ಬರೆಯುತ್ತೇನೆ. ಏಕೆ ಹಾಗೆ ಬರೆಯುತ್ತೇನೋ ಗೊತ್ತಿಲ್ಲ, ಆ ಪುಸ್ತಕವನ್ನು ನೋಡುವವರು ಯಾರೂ ಇಲ್ಲ. ಆಧಾರನ್ನು ಎಲ್ಲದಕ್ಕೂ ಜೋಡಿಸಿದ್ದಾರೆ, ಯಾರು ಎಲ್ಲಿ ಕುಳಿತು ನೋಡುತ್ತಾರೋ.

ಈ ತಿಂಗಳು ಕವರು ಕೊಟ್ಟಾಗ ಆಕೆ ನೋಟುಗಳನ್ನು ಎಣಿಸದೆ ಮಡಚಿ ಪರ್ಸಿಗೆ ಸೇರಿಸಿದಳು. ಚಪ್ಪಲಿ ಮೆಟ್ಟಿಕೊಂಡು, ಗೇಟಿನ ಹತ್ತಿರ ಹೋದವಳು ಏನೋ ನೆನಪಾದಂತೆ ನಿಂತಳು.

"ಅಕ್ಕ, ಐದನೇ ತಾರೀಖು ರೀಡಿಂಗಿನವರು ಬರುತ್ತಾರೆ. ಮೀಟರ್ ನೋಡಿದಿರಾ?"